ಭಿಕ್ಷೆಗೆ ಒದಗದ ಕೈಗಳು

ಬೆಂಗಳೂರಿನಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಕಾಟ್ಪಾಡಿ ನಿಲ್ದಾಣದ ಪರಿಚಯ ಇದ್ದೇ ಇರುವುದು. ಗಾಡಿ ನಿಂತೊಡನೆ ಅಲ್ಲಿ ಇಳಿಯುವವರನ್ನು ಸ್ವಲ್ಪ ಗಮನಿಸಿ ನೋಡಬೇಕು. ಒಬ್ಬನ ತಲೆಗೆ ಪಟ್ಟಿ ಕಟ್ಟಿದೆ. ಒಬ್ಬಳನ್ನು ಇಬ್ಬರು ತೋಳು ಹಿಡಿದು ಇಳಿಸುತ್ತಿದ್ದಾರೆ. ಒಬ್ಬ ಮುದುಕನು ಕಾಗದಗಳ ಕಟ್ಟೊಂದನ್ನು ಎದೆಗೆ ಅವುಚಿಕೊಂಡು ಯಾರನ್ನೋ ದಾರಿ ಕೇಳುತ್ತಿದ್ದಾನೆ. ಕನ್ನಡದ ಮಾತೂ ಬಂಗಾಳಿಯ ಮಾತೂ ಒಂದೇ ಜಗಲಿಯ ಮೇಲೆ ಕೇಳಿಬರುತ್ತವೆ. ಇವರೆಲ್ಲ ವೆಲ್ಲೂರಿನ ಆಸ್ಪತ್ರೆಗೆ ಹೋಗತಕ್ಕವರು. 1900ರಲ್ಲಿ ಐಡಾ ಸ್ಕಡರ್ ಎಂಬ ಅಮೆರಿಕದ ವೈದ್ಯಮಹಿಳೆಯು ಒಂದೇ ಒಂದು ಹಾಸಿಗೆಯಿಂದ ಆರಂಭಿಸಿದ ಆ ಕ್ರೈಸ್ತ ದವಾಖಾನೆಯು ಈಗ ಒಂದು ಊರಿನಷ್ಟು ಬೆಳೆದು ನಿಂತಿದೆ.

ಆದರೆ ಆ ಸಂಸ್ಥೆಯ ಚರಿತ್ರೆಯನ್ನು ಹೇಳುವುದು ಇಂದಿನ ನಮ್ಮ ಉದ್ದೇಶವಲ್ಲ. 1947ರಿಂದ 1966ರ ವರೆಗೆ, ಸುಮಾರು ಇಪ್ಪತ್ತು ವರ್ಷಗಳ ಅವಧಿಯಲ್ಲಿ, ಅಲ್ಲಿ ನಡೆದ ಎರಡು ಸಂಗತಿಗಳನ್ನು ಶ್ರೋತೃಗಳ ಮುಂದಿಟ್ಟು, ಅವುಗಳ ಬೆಳಕಿನಲ್ಲಿ ಒಂದು ಪ್ರಶ್ನೆಯನ್ನು ವಿಚಾರ ಮಾಡಬೇಕೆಂದಿದ್ದೇವೆ. ಅಂಗವಿಕಲರಾದವರಿಗೆ ಸೇವೆ ಮಾಡುವುದೆಂದರೆ ಏನು? ಕೊಡುವುದೇ ಸೇವೆಯೋ, ಅಥವಾ ಅದಕ್ಕಿಂತ ಕಷ್ಟವಾದುದು ಬೇರೇನಾದರೂ ಉಂಟೋ? ನಾವು ಕ್ರೈಸ್ತರಲ್ಲ. ಆದರೂ ಈ ಪ್ರಶ್ನೆಗೆ ಕ್ರೈಸ್ತಶ್ರದ್ಧೆಯು ಕೊಟ್ಟ ಒಂದು ಉತ್ತರವು ಯಾವ ಮತದವರೂ ಮನಸ್ಸಿಗೆ ತಂದುಕೊಳ್ಳತಕ್ಕದ್ದೆಂದು ನಮಗೆ ತೋರಿದೆ.

ಮೊದಲು ಮೂಲಗ್ರಂಥದಿಂದಲೇ ಪ್ರಾರಂಭಿಸೋಣ. ಯೋಹಾನನ ಸುವಾರ್ತೆಯಲ್ಲಿ ಒಂದು ಪ್ರಸಂಗವುಂಟು. ದಾರಿಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಏಸುವನ್ನು ಕೇಳುತ್ತಾರೆ: ಇವನು ಕುರುಡನಾಗಿ ಹುಟ್ಟಬೇಕಾದರೆ ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಗಳೋ? ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ನಮ್ಮಲ್ಲಿಯೂ ಕುರುಡು ಮಗು ಹುಟ್ಟಿದ ಮನೆಯಲ್ಲಿ ನೆರೆಯವರು ಇದನ್ನೇ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಕೆಲವರು ಪೂರ್ವಜನ್ಮದ ಕರ್ಮವೆಂದು ಉತ್ತರವನ್ನೂ ತಾವೇ ಕೊಟ್ಟುಕೊಂಡು ಮುಂದೆ ನಡೆಯುತ್ತಾರೆ. ಏಸುವಾದರೋ, ಇವನೂ ಪಾಪ ಮಾಡಿದವನಲ್ಲ, ಇವನನ್ನು ಹೆತ್ತವರೂ ಅಲ್ಲ ಎಂದು ಆ ಲೆಕ್ಕವನ್ನೇ ತಳ್ಳಿಹಾಕಿದನು. ಮಾರ್ಕನ ಸುವಾರ್ತೆಯಲ್ಲಿ ಇನ್ನೊಂದು ಪ್ರಸಂಗ. ಯೆರಿಕೋ ಪಟ್ಟಣದ ದಾರಿಯ ಬದಿಯಲ್ಲಿ ಭಿಕ್ಷೆಗೆ ಕುಳಿತಿದ್ದ ಕುರುಡನು ಕೂಗಿಕೊಂಡಾಗ, ಏಸು ಅವನನ್ನು ಹತ್ತಿರಕ್ಕೆ ಕರೆಯಿಸಿ, ನಿನಗೆ ನಾನೇನು ಮಾಡಬೇಕೆಂದು ಕೇಳಿದನಂತೆ. ಕುರುಡನಿಗೆ ಬೇಕಾದುದು ಏನೆಂಬುದು ನೋಡಿದವರಿಗೆಲ್ಲ ಗೊತ್ತು, ಆದರೂ ಕೇಳಿದನು. ಅಂಗವೈಕಲ್ಯವು ಅಪರಾಧದ ಗುರುತಲ್ಲವೆಂಬುದು ಮೊದಲನೆಯ ಕಥೆಯ ಸಾರ. ಸೇವೆಗೆ ಮುಂಚೆ ಆ ಮನುಷ್ಯನನ್ನೇ ಕೇಳಬೇಕೆಂಬುದು ಎರಡನೆಯದರ ಸಾರ.

ಹೀಗಿದ್ದರೂ, ಗ್ರಂಥದಲ್ಲಿರುವುದು ಗ್ರಂಥದಲ್ಲಿಯೇ ಉಳಿಯುವುದು ಲೋಕದ ರೂಢಿ. ಚರ್ಚಿನ ಬಾಗಿಲಲ್ಲಿ ಕುಂಟರೂ ಕುರುಡರೂ ಶತಮಾನಗಳ ಕಾಲ ಕೈ ಚಾಚಿ ಕುಳಿತರು. ಒಳಗೆ ಹೋಗುವವರು ಕಾಸು ಹಾಕಿ ಪುಣ್ಯವನ್ನು ಕಟ್ಟಿಕೊಂಡರು. ನಮ್ಮ ದೇವಾಲಯಗಳ ಮೆಟ್ಟಿಲ ಮೇಲೂ ದರ್ಗಾಗಳ ಮುಂದೆಯೂ ನಡೆದುಬಂದದ್ದು ಇದೇ. ಈ ಏರ್ಪಾಡಿನಲ್ಲಿ ಕೊಡುವವನಿಗೆ ಭಿಕ್ಷುಕನ ಅವಶ್ಯಕತೆ ಉಂಟು. ಅವನು ನಾಳೆಯೂ ಅದೇ ಮೆಟ್ಟಿಲ ಮೇಲೆ ಇರಬೇಕು. ಇಲ್ಲದಿದ್ದರೆ ಪುಣ್ಯಕ್ಕೆ ಅವಕಾಶವೆಲ್ಲಿ? ದಯೆಯೆಂಬುದು ಹೀಗೆ ತನಗೆ ತಿಳಿಯದೆಯೇ ದುಃಖವನ್ನು ಕಾಪಾಡಿಕೊಂಡು ಬರುವುದುಂಟು. ಈ ಗಂಟನ್ನು ಬಿಚ್ಚಲು ಪ್ರಯತ್ನಪಟ್ಟವರಲ್ಲಿ ವೆಲ್ಲೂರಿನ ಇಬ್ಬರು ವೈದ್ಯರು ಮುಖ್ಯರು. ಮೊದಲನೆಯವನು ಪಾಲ್ ಬ್ರಾಂಡ್.

ಬ್ರಾಂಡನು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಇಂಗ್ಲಿಷ್ ಮಿಷನರಿ ದಂಪತಿಗಳಿಗೆ ಹುಟ್ಟಿದವನು. ಮೊದಲು ಕಲಿತದ್ದು ವೈದ್ಯವನ್ನಲ್ಲ, ಗಾರೆಕೆಲಸವನ್ನೂ ಮರಗೆಲಸವನ್ನೂ. ಆ ಬಳಿಕ ಲಂಡನ್ನಿನಲ್ಲಿ ಶಸ್ತ್ರವೈದ್ಯನಾಗಿ 1946ರಲ್ಲಿ ವೆಲ್ಲೂರಿಗೆ ಬಂದನು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯವನ್ನು ನೋಡಲು ಹೋದಾಗ, ಅಲ್ಲಿನ ಮುಖ್ಯರಾದ ಡಾಕ್ಟರ್ ಕಾಕ್ರೇನರು ಚರ್ಮದ ಮೇಲಿನ ಕಲೆಗಳನ್ನು ವಿವರಿಸುತ್ತಿದ್ದರೆ, ಬ್ರಾಂಡನ ಕಣ್ಣು ಹೋದದ್ದು ರೋಗಿಗಳ ಕೈಗಳ ಮೇಲೆ. ಬೆರಳುಗಳು ಹಕ್ಕಿಯ ಉಗುರಿನಂತೆ ಒಳಕ್ಕೆ ಮಡಿಸಿಕೊಂಡಿದ್ದುವು. ಇದಕ್ಕೇನು ಮಾಡುತ್ತೀರೆಂದು ಕೇಳಿದನು. ಅದು ಮೂಳೆಯ ವೈದ್ಯರ ಕೆಲಸ, ಆದರೆ ಅವರಲ್ಲಿ ಯಾರೂ ಇದನ್ನು ಅಭ್ಯಾಸ ಮಾಡಿಲ್ಲವೆಂಬುದಾಗಿ ಕಾಕ್ರೇನರು ಉತ್ತರ ಕೊಟ್ಟರು. ಬ್ರಾಂಡನು ಒಬ್ಬ ರೋಗಿಯ ಕೈಯಲ್ಲಿ ತನ್ನ ಕೈಯಿಟ್ಟು, ಹಿಸುಕು ಎಂದನು. ಅವನು ಹಿಸುಕಿದ ರಭಸಕ್ಕೆ ಬ್ರಾಂಡನಿಗೆ ನೋವೇ ಆಯಿತು. ಆ ನೋವಿನಿಂದಲೇ ಅವನಿಗೊಂದು ವಿಚಾರ ಹೊಳೆಯಿತು: ಈ ಕೈ ಸತ್ತಿಲ್ಲ, ಕೆಲವು ಸ್ನಾಯುಗಳು ಮಾತ್ರ ಸತ್ತಿವೆ, ಮಿಕ್ಕವು ಪೂರ್ಣಬಲದಿಂದಿವೆ.

ಇದರ ಕಾರಣವನ್ನು ಸಂಕ್ಷೇಪವಾಗಿ ತಿಳಿಸಬಹುದು. ಕುಷ್ಠವನ್ನುಂಟುಮಾಡುವ ಕ್ರಿಮಿಯನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದ್ದನು. ಈ ಕ್ರಿಮಿಗೆ ಶರೀರದ ತಂಪಾದ ಭಾಗಗಳು ಇಷ್ಟ. ಆದಕಾರಣ ಮೊಣಕೈಯ ಹಿಂದೆ ಚರ್ಮಕ್ಕೆ ಸಮೀಪವಾಗಿ ಹಾಯುವ ನರವು ಕೆಡುತ್ತದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋಲುತ್ತವೆ. ಮುಂಗೈಯಲ್ಲಿರುವ ದೊಡ್ಡ ಸ್ನಾಯುಗಳಲ್ಲಿ ಹಲವು ಉಳಿಯುತ್ತವೆ. ಉಳಿದ ಬಲವಾದ ಸ್ನಾಯುವಿನ ರಜ್ಜುವನ್ನು ಬಿಡಿಸಿ, ಸೋತ ಸ್ನಾಯುವಿನ ಕೆಲಸಕ್ಕೆ ಹೊಂದುವಂತೆ ಬೇರೆ ಹಾದಿಯಲ್ಲಿ ಹಾಯಿಸಿ ಹೊಲಿದರೆ ಬೆರಳು ಮತ್ತೆ ನೆಟ್ಟಗಾಗುವುದು. ಆಮೇಲೆ ರೋಗಿಯು ವಾರಗಟ್ಟಲೆ ಅಭ್ಯಾಸ ಮಾಡಿ, ಹಳೆಯ ಸ್ನಾಯುವಿಗೆ ಹೊಸ ಕೆಲಸವನ್ನು ಕಲಿಸಬೇಕು. ಹೊಸ ಗಾಯವು ಕುಷ್ಠರೋಗಿಯಲ್ಲಿ ಮಾಯುವುದಿಲ್ಲವೆಂಬ ನಂಬಿಕೆ ವೈದ್ಯರಲ್ಲಿಯೂ ಇದ್ದ ಕಾಲವದು. ಬ್ರಾಂಡನೂ ಅವನ ಸಂಗಡಿಗರೂ ಮಾಡಿ ನೋಡಿದರು. ಗಾಯ ಮಾಯಿತು, ಬೆರಳು ತೆರೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಶಸ್ತ್ರವಿದ್ಯೆಯ ಒಂದು ಜಯವಾಗಿ ಮಾತ್ರ ಉಳಿಯುತ್ತಿತ್ತು. ಆದರೆ ಮೊದಮೊದಲು ಕೈ ನೆಟ್ಟಗಾದವರಲ್ಲಿ ಒಬ್ಬನು ಕೆಲವು ಕಾಲದ ಮೇಲೆ ಹಿಂದಿರುಗಿ ಬಂದನು. ಕೃಶನಾಗಿದ್ದನು; ಮುಖದಲ್ಲಿ ಕಳೆಯಿರಲಿಲ್ಲ. ಈ ಕೈಗಳು ಭಿಕ್ಷೆಗೆ ಒದಗುವುದಿಲ್ಲವೆಂದು ಅವನು ವೈದ್ಯನಿಗೆ ದೂರು ಹೇಳಿದನು. ಮುರುಟಿದ ಕೈಯನ್ನು ಕಂಡು ಜನ ಕಾಸು ಹಾಕುತ್ತಿದ್ದರು. ನೆಟ್ಟನೆಯ ಬೆರಳನ್ನು ನೋಡಿ ಹಾಕುವವರಿಲ್ಲ. ಇತ್ತ ರೋಗದ ಕಲೆ ಕಂಡವರು ಕೆಲಸವನ್ನೂ ಕೊಡುವುದಿಲ್ಲ, ಇರಲು ಮನೆಯನ್ನೂ ಕೊಡುವುದಿಲ್ಲ. ಶಸ್ತ್ರವೈದ್ಯನು ಮಾಡಿದ ಉಪಕಾರವು ಅವನಿಗಿದ್ದ ಒಂದೇ ಜೀವನೋಪಾಯವನ್ನು ಕಿತ್ತುಕೊಂಡಿತ್ತು.

ಈ ದೂರಿನಲ್ಲಿ ನಮ್ಮ ಸಮಾಜದ ಚಿತ್ರವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ. ನಾವು ಅವನ ವೈಕಲ್ಯಕ್ಕೆ ಬೆಲೆ ಕೊಡುತ್ತಿದ್ದೆವು, ಅವನ ಕೈಗೆ ಕೊಡುತ್ತಿರಲಿಲ್ಲ. ಬ್ರಾಂಡನು ಈ ಮಾತನ್ನು ಕೃತಘ್ನತೆಯೆಂದು ತಳ್ಳಿಹಾಕದೆ, ತನ್ನ ಚಿಕಿತ್ಸೆ ಅರ್ಧದಲ್ಲಿಯೇ ನಿಂತಿದೆಯೆಂಬುದಕ್ಕೆ ಸಾಕ್ಷಿಯೆಂದು ತಿಳಿದನು. ಕಾಲೇಜಿನ ಜಾಗದಲ್ಲಿಯೇ ಹಳ್ಳಿಯ ಮಾದರಿಯ ಕೆಲವು ಗುಡಿಸಲುಗಳು ಎದ್ದುವು. ಅದಕ್ಕೆ ನವಜೀವ ನಿಲಯವೆಂದು ಹೆಸರು. ಅಲ್ಲಿ ರೋಗಿಗಳಿಗೆ ಮರಗೆಲಸವನ್ನೂ ಆಟದ ಸಾಮಾನು ಮಾಡುವುದನ್ನೂ ಕಲಿಸಲಾಯಿತು. ಬ್ರಾಂಡನು ತಾರುಣ್ಯದಲ್ಲಿ ಕಲಿತಿದ್ದ ಉಳಿ ಗರಗಸಗಳ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಕ್ರೈಸ್ತರು ದೇವಪುತ್ರನೆಂದು ಪೂಜಿಸುವವನೂ ಬಡಗಿಯೇ ಆಗಿದ್ದನಷ್ಟೆ.

ಆ ಗುಡಿಸಲುಗಳಲ್ಲಿ ಇನ್ನೊಂದು ಸತ್ಯವೂ ಹೊರಬಿತ್ತು. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಜನ ನಂಬಿದ್ದರು. ಒಂದು ದಿನ ಬ್ರಾಂಡನು ತುಕ್ಕುಹಿಡಿದ ಬೀಗವೊಂದನ್ನು ತೆಗೆಯಲಾರದೆ ನಿಂತಿದ್ದಾಗ, ರೋಗಿಯಾಗಿದ್ದ ಒಬ್ಬ ಹುಡುಗನು ಬೀಗದ ಕೈಯನ್ನು ಹಿಡಿದು ಸುಲಭವಾಗಿ ತಿರುಗಿಸಿಬಿಟ್ಟನು. ಬ್ರಾಂಡನು ಅವನ ಬೆರಳನ್ನು ನೋಡಿದರೆ ಮೂಳೆ ಕಾಣುವ ವರೆಗೆ ಸೀಳಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಆಗಿನಿಂದ ಪ್ರತಿಯೊಂದು ಗಾಯದ ಕಾರಣವನ್ನೂ ಹುಡುಕತೊಡಗಿದರು. ಬಿಸಿ ಪಾತ್ರೆ, ಒರಟಾದ ಹಿಡಿ, ಚಪ್ಪಲಿಯ ಮೊಳೆ, ಹೀಗೆ ಒಂದೊಂದಾಗಿ ಕಾರಣಗಳು ಸಿಕ್ಕಿದುವು. ರಾತ್ರಿ ಮಲಗಿದ್ದಾಗ ಬೆರಳಿನ ತುದಿ ಕಾಣದಾಗುತ್ತಿದ್ದುದೂ ಉಂಟು. ಕಾವಲಿದ್ದು ನೋಡಿದಾಗ ಕಚ್ಚುತ್ತಿದ್ದುದು ಇಲಿಯೆಂದು ತಿಳಿದುಬಂತು. ಅಂದಿನಿಂದ ರೋಗಿಗಳು ಬೆಕ್ಕುಗಳನ್ನು ಸಾಕಿಕೊಂಡರು. ಬೆರಳನ್ನು ತಿನ್ನುತ್ತಿದ್ದುದು ರೋಗವಲ್ಲ, ನೋವಿಲ್ಲದಿರುವಿಕೆ. ನೋವು ಶರೀರದ ಕಾವಲುಗಾರ. ಕಾವಲುಗಾರನಿಲ್ಲದ ಮನೆ ಲೂಟಿಯಾಗುತ್ತಿತ್ತು. ಇದು ದೈವದ ಶಾಪವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಖಂಡನೆ ಬೇರೆ ಬೇಕಿಲ್ಲ. ಶಾಪಕ್ಕೆ ಮದ್ದಿಲ್ಲ, ಇಲಿಗೆ ಬೆಕ್ಕುಂಟು.

ಒಮ್ಮೆ ರೋಗಿಗಳ ಕೂಟದಲ್ಲಿ ಮಾತನಾಡಬೇಕಾಗಿ ಬಂದಾಗ, ಬ್ರಾಂಡನು ಏಸುವಿನ ಕೈಗಳ ವಿಚಾರವನ್ನು ಎತ್ತಿಕೊಂಡನು. ಬಡಗಿಯ ಕೈ, ರೋಗಿಗಳನ್ನು ಮುಟ್ಟಿದ ಕೈ, ಕೊನೆಗೆ ಮೊಳೆ ಹೊಡೆಯಿಸಿಕೊಂಡ ಕೈ. ಮೊಳೆ ನಾಟಿದ ಅಂಗೈಯಲ್ಲಿ ನರ ಹರಿದು ಆ ಕೈಯೂ ಇವರ ಕೈಗಳಂತೆಯೇ ಮುರುಟಿರಬೇಕೆಂದು ಕೈವೈದ್ಯನಾದ ಅವನು ವಿವರಿಸಿದನು. ಸತ್ತು ಎದ್ದುಬಂದ ಮೇಲೂ ಏಸುವಿನ ಕೈಯ ಗಾಯದ ಗುರುತು ಉಳಿದಿತ್ತೆಂದೂ, ಶಿಷ್ಯನಾದ ತೋಮನು ಆ ಗುರುತನ್ನು ನೋಡಿಯೇ ನಂಬಿದನೆಂದೂ ಸುವಾರ್ತೆ ಹೇಳುತ್ತದೆ. ಅದುವರೆಗೆ ಕೈಗಳನ್ನು ಬಟ್ಟೆಯಲ್ಲಿ ಮರೆಮಾಡಿಕೊಂಡು ಕುಳಿತಿದ್ದ ರೋಗಿಗಳು, ಮಾತು ಮುಗಿದಾಗ ಕೈಗಳನ್ನು ಮೇಲಕ್ಕೆತ್ತಿ ಜೋಡಿಸಿದರು. ಈ ಸಂದರ್ಭದಲ್ಲಿ ಶ್ರದ್ಧೆಯು ಮಾಡಿದ ಕೆಲಸವೇನೆಂಬುದನ್ನು ಗಮನಿಸಬೇಕು. ದೇವರ ರೂಪವೆಂದರೆ ಊನವಿಲ್ಲದ ರೂಪವೆಂದು ನಾವೆಲ್ಲರೂ ಭಾವಿಸುತ್ತೇವೆ. ಊನವಾದ ಕೈಯೂ ದೇವರ ಕೈಯಾಗಿರಬಹುದೆಂದು ನಂಬುವವನಿಗೆ ಊನವಾದ ಮನುಷ್ಯನ ಮುಂದೆ ಕರುಣೆಗಿಂತ ಮುಂಚೆ ಗೌರವ ಹುಟ್ಟುತ್ತದೆ.

ಎರಡನೆಯ ಸಂಗತಿ ಇದಕ್ಕಿಂತಲೂ ನಮ್ಮ ಮನಸ್ಸನ್ನು ತಟ್ಟತಕ್ಕದ್ದು. ಅಂದಿನ ಕೊಚ್ಚಿ ಸಂಸ್ಥಾನದಲ್ಲಿ 1925ರಲ್ಲಿ ಹುಟ್ಟಿದ ಮೇರಿ ವರ್ಗೀಸ್ ಎಂಬಾಕೆ ವೆಲ್ಲೂರಿನಲ್ಲಿ ಓದಿ ವೈದ್ಯೆಯಾಗಿದ್ದಳು. ಹೆರಿಗೆ ಮತ್ತು ಸ್ತ್ರೀರೋಗಗಳ ವೈದ್ಯದಲ್ಲಿ ಮುಂದುವರಿಯಬೇಕೆಂದಿದ್ದಳು. 1954ರ ಜನವರಿಯಲ್ಲಿ ಕಿರಿಯ ವೈದ್ಯರೆಲ್ಲ ವಿಹಾರಕ್ಕೆ ಹೊರಟಿದ್ದ ವಾಹನವು ದಾರಿಯಲ್ಲಿ ಉರುಳಿತು. ಮೇರಿಯ ಬೆನ್ನುಹುರಿಗೆ ಪೆಟ್ಟು ಬಿದ್ದು, ಸೊಂಟದಿಂದ ಕೆಳಗೆ ಶರೀರವು ನಿಶ್ಚೇಷ್ಟಿತವಾಯಿತು, ಮುಖಕ್ಕೂ ಗಾಯವಾಯಿತು. ತಿಂಗಳುಗಟ್ಟಲೆ ಹಾಸಿಗೆ, ಒಂದಾದ ಮೇಲೊಂದು ಶಸ್ತ್ರಕ್ರಿಯೆ. ವೈದ್ಯೆಯಾಗಿದ್ದ ಕಾರಣ ತನ್ನ ಮುಂದಿನ ಸ್ಥಿತಿಯನ್ನು ಅವಳಿಗೆ ಯಾರೂ ಮರೆಮಾಚುವಂತಿರಲಿಲ್ಲ.

ಇಂತಹವಳಿಗೆ ಏನು ಹೇಳಬೇಕು? ಸಮಾಧಾನದ ಮಾತು ಹೇಳಬಹುದು. ಮನೆಯವರು ನೋಡಿಕೊಳ್ಳುವರೆಂದು ಧೈರ್ಯ ಕೊಡಬಹುದು. ಬ್ರಾಂಡನು ಹೇಳಿದ್ದು ಕೆಲಸದ ಮಾತು. ಕೈಯ ಮೇಲಿನ ಶಸ್ತ್ರಕ್ರಿಯೆಯನ್ನು ವೈದ್ಯನು ಕುಳಿತುಕೊಂಡೇ ಮಾಡುವುದು; ಅದಕ್ಕೆ ಕಾಲಿನ ಅವಶ್ಯಕತೆಯಿಲ್ಲ. ಮೇರಿ ಗಾಲಿಕುರ್ಚಿಯಲ್ಲಿ ಶಸ್ತ್ರಶಾಲೆಗೆ ಬಂದಳು. ಬೇರೆಯವರು ಮುಟ್ಟಲು ಹೇಸುತ್ತಿದ್ದ ಕೈಗಳನ್ನು ಹಿಡಿದು, ಬ್ರಾಂಡನಿಂದ ಕಲಿತ ರೀತಿಯಲ್ಲಿ ಬೆರಳುಗಳನ್ನು ನೆಟ್ಟಗೆ ಮಾಡಿದಳು. ನಡೆಯಲಾರದ ವೈದ್ಯೆ, ಹಿಡಿಯಲಾರದ ರೋಗಿ; ಇವರಿಬ್ಬರ ನಡುವೆ ಸೇವೆ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು? ತಮಗಿಂತ ಹೆಚ್ಚು ಕಳೆದುಕೊಂಡಿದ್ದ ವೈದ್ಯೆಯು ಕುರ್ಚಿಯನ್ನು ತಳ್ಳಿಕೊಂಡು ವಾರ್ಡಿಗೆ ಬಂದಾಗ ರೋಗಿಗಳಿಗೆ ಹುಟ್ಟಿದ ಭರವಸೆಯನ್ನು ಯಾವ ಉಪನ್ಯಾಸವೂ ಹುಟ್ಟಿಸಲಾರದು.

ಮೇರಿ ಅಲ್ಲಿಗೇ ನಿಲ್ಲಲಿಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ತನ್ನ ಶರೀರಕ್ಕೆ ತಕ್ಕ ಶಿಕ್ಷಣವನ್ನು ಪಡೆದಳು. ಆ ಮೇಲೆ ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಎಂಬ ವೈದ್ಯನ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯವನ್ನು ಕಲಿತು ವೆಲ್ಲೂರಿಗೆ ಹಿಂದಿರುಗಿ, ಆ ವಿಭಾಗಕ್ಕೆ ಮುಖ್ಯಸ್ಥಳಾದಳು. ರೋಗಿಗಳು ಅಲ್ಲಿಯೇ ತಂಗಿದ್ದು ಶಿಕ್ಷಣ ಪಡೆಯುವ ಪುನರ್ವಸತಿ ಸಂಸ್ಥೆಯು ವೆಲ್ಲೂರಿನ ಬಾಗಾಯಂನಲ್ಲಿ 1966ರಲ್ಲಿ ತೆರೆಯಿತು. ಭಾರತದಲ್ಲಿ ಇಂತಹುದು ಇದೇ ಮೊದಲನೆಯದೆಂದು ಹೇಳುತ್ತಾರೆ. ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ರಸ್ತೆಯ ಅಪಘಾತದಲ್ಲಿ ಬೆನ್ನು ಮುರಿದವರು ಅಲ್ಲಿ ಕುಳಿತುಕೊಳ್ಳುವುದನ್ನೂ, ಕುರ್ಚಿಯಿಂದ ಮಂಚಕ್ಕೆ ಹೊರಳುವುದನ್ನೂ, ಹುಣ್ಣಾಗದಂತೆ ಶರೀರವನ್ನು ಕಾಯ್ದುಕೊಳ್ಳುವುದನ್ನೂ, ಒಂದು ಕಸುಬನ್ನೂ ಕಲಿತು ಮನೆಗೆ ಹೋಗಬೇಕೆಂಬುದು ಉದ್ದೇಶ. ನ್ಯೂಯಾರ್ಕಿನ ನಯವಾದ ನೆಲ ಬೇರೆ, ನಮ್ಮ ಹಳ್ಳಿಯ ಹೊಸ್ತಿಲು ಬೇರೆ. ಕಲಿತುಬಂದ ವಿದ್ಯೆಯನ್ನು ಹೊಸ್ತಿಲಿಗೆ ಹೊಂದಿಸುವುದು ಗಾಲಿಕುರ್ಚಿಯಲ್ಲಿ ಕುಳಿತೇ ಹೊಸ್ತಿಲನ್ನು ಎದುರಿಸಿದವಳಿಗೆ ಸಾಧ್ಯವಾದಂತೆ ಇತರರಿಗೆ ಸಾಧ್ಯವಾಗುವುದು ಕಷ್ಟ. 1972ರಲ್ಲಿ ಅವಳಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು, 1986ರಲ್ಲಿ ತೀರಿಕೊಂಡಳು. ಬ್ರಾಂಡನು 1966ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಇದೇ ಕೆಲಸವನ್ನು ಮುಂದುವರಿಸಿ, 2003ರಲ್ಲಿ ಕಾಲವಾದನು.

ಮಿಷನರಿಗಳ ಸೇವೆಯೆಲ್ಲ ಮತಾಂತರದ ಬಲೆಯಲ್ಲವೇ ಎಂಬ ಪ್ರಶ್ನೆಯು ಕೆಲವು ಶ್ರೋತೃಗಳ ಮನಸ್ಸಿನಲ್ಲಿ ಎದ್ದಿರಬಹುದು. ಅದು ಕೇಳತಕ್ಕ ಪ್ರಶ್ನೆಯೇ. ಹಸಿದವನ ಅನ್ನದೊಡನೆ ಮತವನ್ನು ಬೆರೆಸಿ ಕೊಡುವುದು ಎಲ್ಲಿ ನಡೆದರೂ ತಪ್ಪು. ನಡೆದೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬ್ರಾಂಡನ ಶಸ್ತ್ರಕ್ರಿಯೆಯು ರಹಸ್ಯವಾದ ಮಂತ್ರವಾಗಿರಲಿಲ್ಲ. ಅದನ್ನು ಯಾವ ಮತದ ವೈದ್ಯನೂ ಕಲಿಯಬಹುದಾಗಿತ್ತು, ಕಲಿತರು. ಶ್ರದ್ಧೆಯು ವಿದ್ಯೆಯನ್ನು ಕೊಡಲಿಲ್ಲ. ವಿದ್ಯೆ ಬಂದದ್ದು ಅಭ್ಯಾಸದಿಂದ. ಬೇರೆ ವೈದ್ಯರು ಹಾಯ್ದುಹೋದ ಕಡೆ ನಿಂತು ನೋಡುವ ಹಟವನ್ನು ಮಾತ್ರ ಶ್ರದ್ಧೆ ಕೊಟ್ಟಿತು. ಆ ಹಟವು ನಮ್ಮ ನಮ್ಮ ಶ್ರದ್ಧೆಗಳಿಂದಲೂ ಹುಟ್ಟಬಾರದೆಂಬ ನಿಯಮವೇನೂ ಇಲ್ಲ.

ಇಂದು ಕಾನೂನು ಬಹಳ ದೂರ ಬಂದಿದೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 2007ರಲ್ಲಿ ಸಮ್ಮತಿ ಕೊಟ್ಟಿತು. 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ದಯೆಯ ಜಾಗದಲ್ಲಿ ಹಕ್ಕನ್ನು ಇಟ್ಟಿತು. ಆದರೂ ಕುಷ್ಠರೋಗವು ವಿವಾಹವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಮಾತನ್ನು, ಹಿಂದೂಗಳ ಕಾನೂನಿನಿಂದಲೂ ಕ್ರೈಸ್ತರ ಕಾನೂನಿನಿಂದಲೂ, ತೆಗೆದುಹಾಕಿದ್ದು 2019ರಷ್ಟು ಈಚೆಗೆ. ಮದ್ದು ದೊರೆತು ಎಷ್ಟೋ ವರ್ಷಗಳಾದ ಮೇಲೂ ಭಯವು ಕಾನೂನಿನ ಪುಸ್ತಕದಲ್ಲಿಯೇ ಮನೆಮಾಡಿಕೊಂಡಿತ್ತು. 2011ರ ಜನಗಣತಿಯಲ್ಲಿ ಲೆಕ್ಕಕ್ಕೆ ಬಂದ ಅಂಗವಿಕಲರು 2 ಕೋಟಿ 68 ಲಕ್ಷ. ಇವರಲ್ಲಿ ನಮಗೆ ಪರಿಚಯದವರು ಎಷ್ಟು ಮಂದಿ ಎಂದು ನಾವು ಒಬ್ಬೊಬ್ಬರೂ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಪರಿಚಯದ ಒಬ್ಬನ ವಿಚಾರವನ್ನು ಹೇಳಿ ಮುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದನು. ಬಾಲ್ಯದ ಕಾಯಿಲೆಯಿಂದ ಅವನ ಒಂದು ಕಾಲಿನಲ್ಲಿ ಬಲವಿರಲಿಲ್ಲ. ಪಾಠ ನಡೆಯುತ್ತಿದ್ದುದು ಮಹಡಿಯ ಮೇಲೆ. ಅವನು ಮೆಟ್ಟಿಲು ಹತ್ತುವ ಕಷ್ಟವನ್ನು ಕಂಡು, ಬಾರದಿದ್ದ ದಿನವೂ ಹಾಜರಿ ಹಾಕಿಕೊಳ್ಳುತ್ತೇವೆಂದು ನಾವು ಅವನಿಗೆ ತಿಳಿಸಿದೆವು. ದೊಡ್ಡ ಉಪಕಾರ ಮಾಡಿದೆವೆಂಬ ತೃಪ್ತಿಯೂ ನಮಗಿತ್ತು. ಎರಡು ತಿಂಗಳು ಅವನು ವಂದಿಸಿ ಸುಮ್ಮನಿದ್ದನು. ಒಂದು ದಿನ ಸಾಯಂಕಾಲ ಬಂದು, ತನಗೆ ಹಾಜರಿ ಸಾಕಾಗುವಷ್ಟಿದೆ, ಪಾಠವೇ ಇಲ್ಲವೆಂದು ಮೆಲ್ಲನೆ ಹೇಳಿದನು. ನಮಗೆ ಉತ್ತರ ತೋಚಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಒಂದು ಕೊಠಡಿ ಆ ವೇಳೆಯಲ್ಲಿ ಬರಿದಾಗಿಯೇ ಇರುತ್ತಿತ್ತು. ಅಲ್ಲಿಗೆ ತರಗತಿಯನ್ನು ಬದಲಾಯಿಸಲು ಒಂದು ಚೀಟಿ ಬರೆಯುವಷ್ಟು ಕೆಲಸ. ಅದು ನಮಗೆ ಹೊಳೆದಿರಲಿಲ್ಲ. ಏತಕ್ಕೆಂದರೆ, ನಿನಗೆ ನಾವೇನು ಮಾಡಬೇಕೆಂದು ನಾವು ಅವನನ್ನು ಕೇಳಿಯೇ ಇರಲಿಲ್ಲ.

ಮರುದಿನದಿಂದ ಪಾಠ ಕೆಳಗೆ ನಡೆಯಿತು. ಅವನು ಎಲ್ಲರಿಗಿಂತ ಮುಂಚೆ ಬಂದು ಮೊದಲನೆಯ ಸಾಲಿನಲ್ಲಿ ಕುಳಿತಿರುತ್ತಿದ್ದನು. ನಮ್ಮ ತಪ್ಪುಗಳನ್ನು ಪ್ರಶ್ನೆ ಕೇಳುವ ನೆಪದಲ್ಲಿ ತಿದ್ದುವುದೂ ಇತ್ತು. ನಾವು ಕೊಟ್ಟಿದ್ದ ಹಾಜರಿಯೂ ಒಂದು ಬಗೆಯ ಭಿಕ್ಷೆಯೇ. ಅವನ ಕೈಗಳು ಅದಕ್ಕೆ ಒದಗುವ ಕೈಗಳಾಗಿರಲಿಲ್ಲ.